ಒಕ್ಕಲು ಬಿಟ್ಟವನ ಮಾತು

ಶಿವರಾತ್ರಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ನಮ್ಮ ಕೊಳ್ಳೇಗಾಲದ ಬೀದಿಗಳ ಚಹರೆ ಬದಲಾಗುತ್ತದೆ. ಮಳವಳ್ಳಿ, ಮಂಡ್ಯಗಳ ಕಡೆಯಿಂದ ಕಾಲುನಡಿಗೆಯಲ್ಲಿ ಹೊರಟವರು ತಲೆಯ ಮೇಲೊಂದು ಗಂಟು, ಕಂಕುಳಲ್ಲೊಂದು ಕೂಸು, ಬಾಯಲ್ಲಿ ಮಾದಪ್ಪನ ಹೆಸರು, ಇಷ್ಟೇ ಆಸ್ತಿಯಾಗಿ ಊರನ್ನು ಹಾಯ್ದು ಹನೂರು, ಕೌದಳ್ಳಿ, ತಾಳಬೆಟ್ಟಗಳ ಹಾದಿ ಹಿಡಿಯುತ್ತಾರೆ. ಇಲ್ಲಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರು. ಹಾದಿಯುದ್ದಕ್ಕೂ ಯಾರಾದರೊಬ್ಬರು ನೀರು ಮಜ್ಜಿಗೆಗಳನ್ನು ಇಟ್ಟುಕೊಂಡು ಕಾಯುತ್ತಿರುತ್ತಾರೆ. ದಣಿದವನನ್ನು ನೀನು ಯಾರು, ಯಾವ ಕುಲ ಎಂದು ಆ ಹಾದಿಯಲ್ಲಿ ಯಾರೂ ಕೇಳುವುದಿಲ್ಲ. ಮಾದಪ್ಪನ ಒಕ್ಕಲು ಎಂದರೆ ಸಾಕು.

ಆ ಒಂದು ಮಾತನ್ನು ಹೇಳಲಾರದವನು ಏನು ಮಾಡಬೇಕು? ಈ ಪ್ರಶ್ನೆ ನನಗೆ ತಾನಾಗಿ ಹುಟ್ಟಿದುದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಕನ್ನಡ ಓದಿದ ಹುಡುಗನೊಬ್ಬ ಒಂದು ಸಂಜೆ ಮನೆಗೆ ಬಂದು ಕುಳಿತು, ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಹೇಳಿದ ಸಂಗತಿಯಿಂದ ಹುಟ್ಟಿತು. ಅವನ ಹೆಸರನ್ನಾಗಲಿ ಊರನ್ನಾಗಲಿ ಕುಲವನ್ನಾಗಲಿ ಇಲ್ಲಿ ಹೇಳುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರರಲ್ಲಿ ಯಾವುದೋ ಒಂದು ತಾಲ್ಲೂಕಿನವನು ಎಂದರೆ ಸಾಕು. ಬರೆಯಲು ಅವನ ಒಪ್ಪಿಗೆ ಉಂಟು.

ಅವನ ಒಲವು ಹೆಣ್ಣಿನ ಕಡೆಗಲ್ಲ, ಗಂಡಿನ ಕಡೆಗೆ. ಅದು ಅವನಿಗೆ ಹೈಸ್ಕೂಲಿನ ದಿನಗಳಲ್ಲಿಯೇ ಗೊತ್ತಾಗಿತ್ತು. ಮನೆಯವರಿಗೆ ಗೊತ್ತಾದುದು ಹೆಣ್ಣು ನೋಡುವ ಮಾತು ಬಂದಾಗ. ತಂದೆ ಮಾತು ಬಿಟ್ಟರು. ಸೋದರಮಾವ ಒಂದು ತೀರ್ಪು ಕೊಟ್ಟರು: ಹುಡುಗನನ್ನು ಬೆಟ್ಟಕ್ಕೆ ಕರೆದೊಯ್ಯುವುದು, ಇನ್ನು ಮೇಲೆ ಸರಿಯಾಗಿರುತ್ತೇನೆ, ಮದುವೆಯಾಗುತ್ತೇನೆ ಎಂದು ಮಾದಪ್ಪನ ಮುಂದೆ ಆಣೆ ಮಾಡಿಸುವುದು. ಹುಡುಗ ಬೆಟ್ಟದವರೆಗೂ ಹೋದ. ಗುಡಿಯ ಮುಂದೆ ನಿಂತ. ಆಣೆ ಮಾಡಲಿಲ್ಲ.

“ಸುಳ್ ಆಣೆ ಮಾಡ್ನಾರೆ ಅಂದೆ ಸಾ. ಹಂಗಂದ್ರೆ ದೇವ್ರಿಗೆ ಹೆದರ್ತೀಯ ಅಂತಾಯ್ತಲ್ಲ ಅಂದ್ರು ಮಾವ. ಅಲ್ಲ, ದೇವ್ರೇ ಇಲ್ಲ ಅಂತ ನಂಗನ್ಸದೆ, ಆದ್ರೂ ಸುಳ್ಳು ಹೇಳನಾರೆ ಅಂದ್ಬುಟ್ಟೆ.”

ನಾನು ತರಗತಿಯಲ್ಲಿ ಮಲೆಯ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲನ್ನು ಅನೇಕ ಸಲ ಪಾಠ ಮಾಡಿದವನು. ಕಾಡಿಗೆ ಹೊರಟ ನೀಲೇಗೌಡ ತಾನು ಬರುವವರೆಗೆ ಶೀಲದಿಂದಿರುತ್ತೇನೆಂದು ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳು ತಪ್ಪಿತಸ್ಥೆಯೆಂದಲ್ಲ, ತನ್ನ ಒಳಗಿನ ಬಾಳಿಗೆ ಹೊರಗಿನವನೊಬ್ಬ ಸಾಕ್ಷಿ ಕೇಳುವುದೇ ಅವಮಾನ ಎಂದು. ಅದಕ್ಕಾಗಿ ಅವಳು ಪಡುವ ಯಾತನೆ ನಮ್ಮ ಜನಪದ ಕಾವ್ಯದ ಅತ್ಯಂತ ದಾರುಣವಾದ ಭಾಗಗಳಲ್ಲೊಂದು. ಪಿ. ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದಂದಿನಿಂದ ವಿದ್ವಾಂಸರು ಸಂಕಮ್ಮನನ್ನು ಕುರಿತು ಬರೆದುದಕ್ಕೆ ಲೆಕ್ಕವಿಲ್ಲ. ನಾನೂ ಅಷ್ಟಿಷ್ಟು ಮಾತಾಡಿದ್ದೇನೆ. ಆದರೆ ಭಾಷೆ ಕೊಡದ ಮನುಷ್ಯನೊಬ್ಬ ನನ್ನ ಮನೆಯ ಕುರ್ಚಿಯಲ್ಲಿ ಕುಳಿತಿದ್ದುದು ಅದೇ ಮೊದಲು. ಸಂಕಮ್ಮನನ್ನು ಕಾಯಲು ಮಾದಪ್ಪ ಬಂದ. ಈ ಹುಡುಗ ಆ ಮಾದಪ್ಪನನ್ನೂ ಬಿಟ್ಟುಕೊಟ್ಟು ಕುಳಿತಿದ್ದಾನೆ. ಇವನನ್ನು ಕಾಯುವವರು ಯಾರು?

ಅವನ ತಾಯಿಯ ಮಾತನ್ನು ಇಲ್ಲಿ ಹೇಳಲೇಬೇಕು. ಮಗನ ಸ್ವಭಾವ ತಿಳಿದಾಗ ಆಕೆ ಎರಡು ದಿನ ಅತ್ತು, ಮೂರನೆಯ ದಿನ “ನಿನ್ನ ಹಣೇಲಿ ಮಾದಪ್ಪನೇ ಹಿಂಗೆ ಬರದಿದ್ರೆ ನಾ ಏನು ಮಾಡ್ಲಿ ಮಗ, ಅವನಿಷ್ಟ” ಎಂದು ತಟ್ಟೆಗೆ ಅನ್ನ ಬಡಿಸಿದಳಂತೆ. ತಿಂಗಳು ಕಳೆದು ಬೆಟ್ಟದಲ್ಲಿ ಮಗ ದೇವರಿಲ್ಲವೆಂದ ಮೇಲೆ ಆಕೆ ಕೇಳಿದ್ದು ಬೇರೆ. “ಮಾದಪ್ಪನೇ ಇಲ್ಲ ಅಂದ್ಮೇಲೆ ನಿನ್ನ ಹಿಂಗೆ ಮಾಡ್ದೋರು ಯಾರು? ನಾನಾ?”

ಈ ಪ್ರಶ್ನೆಗೆ ಉತ್ತರ ಕೊಡುವ ಶಾಸ್ತ್ರ ಯಾವುದೂ ನನಗೆ ತಿಳಿಯದು. ಇಂತಹ ಮಕ್ಕಳನ್ನು ಮತಧರ್ಮಗಳು ಹೊರದೂಡುತ್ತವೆಂದೂ, ಅವರು ಮತವನ್ನು ಬಿಟ್ಟರೆ ಸಂಕಟವೂ ಬಿಟ್ಟುಹೋಗುತ್ತದೆಂದೂ ನಾವು ಓದುಬರಹದವರು ಸುಲಭವಾಗಿ ಭಾವಿಸುತ್ತೇವೆ. ಇಲ್ಲಿ ಆದುದು ತದ್ವಿರುದ್ಧ. ಮಗನನ್ನು ಒಪ್ಪಿಕೊಳ್ಳಲು ಆ ತಾಯಿಗೆ ಇದ್ದ ಭಾಷೆಯೇ ಮಾದಪ್ಪ. ಮಗ ಆ ಭಾಷೆಯನ್ನು ಅಳಿಸಿಬಿಟ್ಟ. ಮೊದಲನೆಯ ನಿಜವನ್ನು ಸಹಿಸಿದ ಮನೆ ಎರಡನೆಯದನ್ನು ಸಹಿಸಲಾರದೆ ಹೋಯಿತು.

ಭಾಷೆಯ ಮಾತು ಬಂದುದರಿಂದ ಕನ್ನಡ ಮೇಷ್ಟರ ಚಾಳಿಗೆ ವಾಚಕರು ಒಂದು ನಿಮಿಷ ಅವಕಾಶ ಕೊಡಬೇಕು. ಒಂದು ಮತದಿಂದ ಇನ್ನೊಂದಕ್ಕೆ ಹೋಗುವುದಕ್ಕೆ ನಮ್ಮಲ್ಲಿ ‘ಮತಾಂತರ’ ಎಂಬ ಶಬ್ದವಿದೆ. ಒಂದನ್ನು ಬಿಟ್ಟು ಎಲ್ಲಿಗೂ ಹೋಗದಿರುವುದಕ್ಕೆ ಶಬ್ದವೇ ಇಲ್ಲ. ‘ಧರ್ಮತ್ಯಾಗ’ವೆಂದರೆ ಪಾಪದ ವಾಸನೆ ಹೊಡೆಯುತ್ತದೆ. ‘ನಾಸ್ತಿಕ’ ಎಂಬುದು ಇಲ್ಲದ್ದನ್ನು ಹೇಳುತ್ತದೆಯೇ ಹೊರತು ಇರುವ ಮನುಷ್ಯನನ್ನಲ್ಲ. ನಮ್ಮ ಸೀಮೆಯ ಆಡುಮಾತಿನಲ್ಲಿ ‘ಒಕ್ಕಲು’ ಎಂದರೆ ದೇವರ ಮನೆತನದವನು. ಭೂಮಿಯನ್ನು ಉಳುವ ಗೇಣಿದಾರನೂ ಒಕ್ಕಲೇ. ಒಕ್ಕಲು ಬಿಟ್ಟವನಿಗೆ ನೆಲವೂ ಇಲ್ಲ, ಒಡೆಯನೂ ಇಲ್ಲ. ಇನ್ನು ಗಂಡನ್ನು ಒಲಿದ ಗಂಡಿಗೆ, ಹೆಣ್ಣನ್ನು ಒಲಿದ ಹೆಣ್ಣಿಗೆ ಮೊನ್ನೆಮೊನ್ನೆಯವರೆಗೆ ಬೈಗುಳಗಳಲ್ಲದೆ ಬೇರೆ ಹೆಸರಿರಲಿಲ್ಲ. ‘ಸಲಿಂಗಿ’, ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುವು ಈಚಿನ ಟಂಕಸಾಲೆಯ ನಾಣ್ಯಗಳು. ಸಂತೆಯಲ್ಲಿ ಇನ್ನೂ ಸವೆದಿಲ್ಲ.

ಮತಗಳು ಇಂಥವರಿಗೆ ಬಾಗಿಲನ್ನೇ ತೆರೆಯಲಿಲ್ಲವೆನ್ನುವುದು ಸರಿಯಲ್ಲ. ತೆರೆದುವು, ಆದರೆ ದೇವರ ಹೆಸರಿನ ಬಾಗಿಲನ್ನು ಮಾತ್ರ. ಉತ್ತರದ ಜಿಲ್ಲೆಗಳಲ್ಲಿ ಹೆಣ್ಣಿನ ಭಾವ ಮೂಡಿದ ಗಂಡುಮಗನನ್ನು ಎಲ್ಲಮ್ಮ ಹಿಡಿದಳೆನ್ನುತ್ತಾರೆ. ಮುತ್ತು ಕಟ್ಟಿಸಿ ಜೋಗಪ್ಪನನ್ನಾಗಿ ಮಾಡುತ್ತಾರೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿ ಎಂಬ ಬಾಲಕನನ್ನು ಮನೆಯವರು 1975ರಲ್ಲಿ ಹೊಸಪೇಟೆಯ ಬಳಿಯ ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ದೀಕ್ಷೆ ಮಾಡಿಸಿದರು. ಆ ಬಾಲಕನೇ ಮುಂದೆ ಮನೆ ತೊರೆದು, ಹಸಿವು ಅವಮಾನಗಳನ್ನು ಉಂಡು, ಜೋಗತಿ ನೃತ್ಯ ಕಲಿತು, ಮಂಜಮ್ಮ ಜೋಗತಿಯಾಗಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂದಿತು. ತಮಿಳುನಾಡಿನ ಕೂವಾಗಂ ಗ್ರಾಮದಲ್ಲಿ ಚಿತ್ತಿರೈ ತಿಂಗಳಿನಲ್ಲಿ ಸಾವಿರಾರು ಮಂದಿ ಅರವಾನನಿಗೆ ತಾಳಿ ಕಟ್ಟಿಸಿಕೊಂಡು ಮರುದಿನ ಅದನ್ನು ಕಿತ್ತು ಗೋಳಿಡುತ್ತಾರೆ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದಿದ್ದಾರೆ. ಹುಟ್ಟಿದ ಮನೆ ಕಳೆದುಕೊಂಡವರಿಗೆ ಗುರು, ಚೇಲಾ ಎಂಬ ಹೊಸ ನೆಂಟಸ್ತಿಕೆ ಹೇಗೆ ದೊರೆಯುತ್ತದೆಂಬುದನ್ನು ಅದರಲ್ಲಿ ನೋಡಬಹುದು. ಆ ಮನೆಗಳಿಗೂ ತಮ್ಮವೇ ಆದ ಆಚಾರಗಳುಂಟು, ದೈವಗಳುಂಟು.

ದೇವಿ ಹಿಡಿದಳೆಂದರೆ ಊರು ಕೈಮುಗಿಯುತ್ತದೆ. ಯಾರೂ ಹಿಡಿಯಲಿಲ್ಲ, ನಾನಿರುವುದೇ ಹೀಗೆ ಎಂದರೆ ಅದೇ ಊರು ಕಲ್ಲು ಹುಡುಕುತ್ತದೆ. ಅದೂ ಅಲ್ಲದೆ ಈ ಆಶ್ರಯವೆಲ್ಲ ವೇಷ ಬದಲಿಸಿದವರಿಗೆ. ಪಂಚೆ ಉಟ್ಟು, ಮೀಸೆ ಬಿಟ್ಟು, ಹೊಲ ಉಳುತ್ತಲೋ ಕಛೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೋ ಇರುವ ಸಲಿಂಗಿಗೆ ಯಾವ ದೇವಿಯೂ ಮುತ್ತು ಕಟ್ಟಲಿಲ್ಲ.

ನ್ಯಾಯಾಲಯಗಳ ಕಥೆಯಲ್ಲಿಯೂ ದೇವರು ಬಾರದೆ ಇಲ್ಲ. 1956ರ ನವೆಂಬರಿಗೆ ಮುಂಚೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಎರಡು ಸರ್ಕಾರಗಳಿದ್ದರೂ 1860ರ ದಂಡಸಂಹಿತೆಯ 377ನೆಯ ವಿಧಿ ಎರಡು ಕಡೆಯೂ ಒಂದೇ ಆಗಿತ್ತು. ದೆಹಲಿಯ ಉಚ್ಚ ನ್ಯಾಯಾಲಯ 2009ರಲ್ಲಿ ಅದರ ಹಲ್ಲು ಕಿತ್ತಾಗ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು ಒಬ್ಬ ಜ್ಯೋತಿಷಿ. ಅವರ ಹಿಂದೆಯೇ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಬಂದಿತು, ಕ್ರೈಸ್ತ ಸಂಘಗಳು ಬಂದುವು. ಒಂದು ಪಂಕ್ತಿಯಲ್ಲಿ ಕುಳಿತು ಉಣ್ಣದ ಮತಗಳು ಒಂದು ಅರ್ಜಿಯ ಬೆನ್ನಿಗೆ ನಿಂತುವು. 2013ರ ಡಿಸೆಂಬರಿನಲ್ಲಿ ವಿಧಿ ಮತ್ತೆ ಜೀವ ಪಡೆದು, 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧದ ಮಟ್ಟಿಗೆ ಕಡೆಗೂ ಸತ್ತಿತು. ಇತ್ತ ಲಿಂಗಪರಿವರ್ತಿತರಿಗೆ ಮನ್ನಣೆ ಕೊಟ್ಟ 2014ರ ಏಪ್ರಿಲಿನ ತೀರ್ಪನ್ನು ಓದಿದರೆ ಮತ್ತೊಂದು ಸ್ವಾರಸ್ಯ ಕಾಣುತ್ತದೆ. ಅಲ್ಲಿ ಸಂವಿಧಾನದೊಡನೆ ರಾಮಾಯಣವೂ ಅರವಾನನೂ ಸಾಕ್ಷಿಗಳಾಗಿ ಬಂದಿದ್ದಾರೆ. ಇದನ್ನು ಹುಡುಗನಿಗೆ ಹೇಳಿದಾಗ ಅವನು ನಕ್ಕ. “ನಮ್ಗೆ ಹಕ್ಕು ಕೊಡಕ್ಕೂ ಪುರಾಣ ಬೇಕಾಯ್ತಾ ಸಾ?” ನನಗೆ ಅದು ಉಚಿತವಾದ ನಗು ಎನಿಸಿತು. ಆದರೂ ಹಳ್ಳಿಯ ಜಗುಲಿಯ ಮೇಲೆ ವಾದ ಮಾಡಬೇಕಾದ ದಿನ ಬಂದರೆ ನಾನು ಹದಿನಾಲ್ಕನೆಯ ಅನುಚ್ಛೇದಕ್ಕಿಂತ ಮೊದಲು ವಿರಾಟಪರ್ವದ ಬೃಹನ್ನಳೆಯನ್ನೇ ಕರೆಯುತ್ತೇನೆ. ಇದು ಮೇಷ್ಟರ ದೌರ್ಬಲ್ಯವೆನ್ನಿ.

ಮತ ಬಿಟ್ಟವನ ಸ್ಥಿತಿ ಕಾನೂನಿನಲ್ಲಿ ಹೇಗಿದೆ? ಕಾಗದದ ಮೇಲೆ ಅಷ್ಟೇನೂ ಕೆಟ್ಟದಾಗಿಲ್ಲ. ಸಂವಿಧಾನದ 25ನೆಯ ಅನುಚ್ಛೇದ ಮೊದಲು ಹೇಳುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಯಾವನನ್ನೂ ತನ್ನ ಮತ ಇಂಥದೆಂದು ಬರೆಯುವಂತೆ ಸರ್ಕಾರ ಒತ್ತಾಯಿಸಲಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ತಮಿಳುನಾಡಿನ ತಿರುಪತ್ತೂರಿನ ವಕೀಲೆಯೊಬ್ಬರು 2019ರಲ್ಲಿ ಜಾತಿಯೂ ಇಲ್ಲ, ಮತವೂ ಇಲ್ಲ ಎಂಬ ಪ್ರಮಾಣಪತ್ರವನ್ನೇ ಪಡೆದರು. 2011ರ ಜನಗಣತಿಯಲ್ಲಿ ಮತವನ್ನು ಹೇಳದವರು 28 ಲಕ್ಷಕ್ಕೂ ಮಿಕ್ಕಿದ್ದರು. ಅದೇ ಗಣತಿ ಗಂಡೂ ಹೆಣ್ಣೂ ಅಲ್ಲದ ‘ಇತರರು’ ಎಂದು ಬರೆದವರು ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266. ಎರಡು ಪಟ್ಟಿಗಳಲ್ಲಿಯೂ ಸೇರಬೇಕಾದವರು ಎಷ್ಟು ಮಂದಿಯೋ, ಗಣತಿಯ ಮೇಷ್ಟರು ಬಾಗಿಲಿಗೆ ಬಂದಾಗ ಉತ್ತರ ಹೇಳುವವರು ಮನೆಯ ಯಜಮಾನರಲ್ಲವೆ!

ತೊಡಕು ಇರುವುದು ಉಳಿದ ಕಾಗದಗಳಲ್ಲಿ. ಮುಸ್ಲಿಂ ಮನೆಯಲ್ಲಿ ಹುಟ್ಟಿ ನಂಬಿಕೆ ಕಳೆದುಕೊಂಡವರ ಆಸ್ತಿಗೆ ಯಾವ ಕಾನೂನು ಅನ್ವಯಿಸಬೇಕೆಂದು ಕೇರಳದ ಮಹಿಳೆಯೊಬ್ಬರು ಸರ್ವೋಚ್ಚ ನ್ಯಾಯಾಲಯವನ್ನು ಕೇಳಿದರು. 2024ರಲ್ಲಿ ನ್ಯಾಯಾಲಯ ಸರ್ಕಾರಗಳಿಗೆ ನೋಟೀಸು ಕಳುಹಿಸಿತು. 1954ರ ವಿಶೇಷ ವಿವಾಹ ಕಾಯಿದೆ ಮತದ ಹಂಗಿಲ್ಲದೆ ಮದುವೆಯಾಗುವವರಿಗೆಂದೇ ಇರುವಂಥದು. ಆದರೆ 2023ರ ಅಕ್ಟೋಬರ್ 17ರ ತೀರ್ಪು ಸಲಿಂಗಿಗಳಿಗೆ ಆ ಬಾಗಿಲನ್ನು ತೆರೆಯಲಿಲ್ಲ. ಮತಬಿಟ್ಟ ಗಂಡುಹೆಣ್ಣಿಗೆ ಕಛೇರಿಯ ರಿಜಿಸ್ಟರು ಉಂಟು. ಮತಬಿಟ್ಟ ಸಲಿಂಗಿಗೆ ಮಂಟಪವೂ ಇಲ್ಲ, ರಿಜಿಸ್ಟರೂ ಇಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ಲಿಂಗಪರಿವರ್ತಿತರಿಗೆ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟುದು ದೇಶಕ್ಕೆ ಮೇಲ್ಪಂಕ್ತಿಯಾದ ಕೆಲಸ. ಅದನ್ನೂ ಆಯಾ ವರ್ಗಗಳ ಒಳಗೇ ಹಂಚಿಕೊಟ್ಟಿದೆ. ಹಾಗಾಗಿ ಹುಟ್ಟಿನ ಕುಲ ಅಲ್ಲಿಯೂ ಕೈಬಿಡುವುದಿಲ್ಲ.

ನಮ್ಮ ಸೀಮೆಯಲ್ಲಿ ಮತ ಬಿಡುವುದೆಂದರೆ ಬಹುಪಾಲು ಅಂಬೇಡ್ಕರರ ದಾರಿ ಹಿಡಿಯುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಬೋಧಿಸಿದ 22 ಪ್ರತಿಜ್ಞೆಗಳು ಹಳೆಯ ದೇವತೆಗಳನ್ನು ಹೆಸರು ಹಿಡಿದು ಬಿಡಿಸುತ್ತವೆ. ಪರಿಶಿಷ್ಟ ಜಾತಿಯವನು ಕ್ರೈಸ್ತನಾದರೆ ಪರಿಶಿಷ್ಟತ್ವ ಹೋಗುತ್ತದೆ, ಬೌದ್ಧನಾದರೆ 1990ರ ತಿದ್ದುಪಡಿಯಿಂದ ಉಳಿಯುತ್ತದೆ ಎಂಬುದೂ ಒಂದು ಅನುಕೂಲ. ನಮ್ಮ ಹುಡುಗ ಅತ್ತಲೂ ಒಮ್ಮೆ ನೋಡಿದನಂತೆ. ದೇವರಿಲ್ಲದ ಧರ್ಮ ಅವನಿಗೆ ಹಿಡಿಸಿತು. ಓದುವ ಚಟದವನಾದುದರಿಂದ ವಿನಯಪಿಟಕದ ಮಹಾವಗ್ಗದವರೆಗೂ ಹೋದ; ಅಲ್ಲಿ ‘ಪಂಡಕ’ನಿಗೆ ಸಂಘದಲ್ಲಿ ಉಪಸಂಪದೆ ಇಲ್ಲವೆಂಬ ನಿಯಮ ಕಣ್ಣಿಗೆ ಬಿದ್ದಿತು. ಪಂಡಕನೆಂದರೆ ಯಾರು ಎಂಬ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ಇದೆ, ಉಪಾಸಕನಿಗೆ ಆ ನಿಯಮ ತಗಲುವುದೂ ಇಲ್ಲ ಎಂದು ನಾನು ಸಮಾಧಾನ ಹೇಳಿದೆ. “ಇರ್ಲಿ ಬುಡಿ ಸಾ, ನಾನೇನು ಸನ್ಯಾಸಿ ಆಗಕ್ಕೆ ಹೊಂಟಿರ್ಲಿಲ್ಲ” ಎಂದ. ಆದರೆ ಮತ್ತೆ ಆ ಮಾತೆತ್ತಲಿಲ್ಲ.

ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಕಡೆ ಕ್ರೈಸ್ತರು ಬಹಳ. ವ್ಯಾಟಿಕನ್ 2023ರ ಡಿಸೆಂಬರಿನಲ್ಲಿ ಸಲಿಂಗಿ ಜೋಡಿಗಳನ್ನು ಪಾದ್ರಿಗಳು ಹರಸಬಹುದು, ಮದುವೆಯೆಂಬ ಭ್ರಮೆ ಹುಟ್ಟಿಸಬಾರದು ಎಂದು ಪ್ರಕಟಿಸಿತು. ಅಷ್ಟಕ್ಕೇ ಆಫ್ರಿಕದ ಬಿಷಪ್ಪರು ಒಲ್ಲೆವೆಂದರು. ಬಾಗಿಲು ಒಂದು ಬೆರಳಷ್ಟು ಸಡಿಲವಾದರೂ ಕೀಲುಗಳು ಇಷ್ಟು ಸದ್ದು ಮಾಡುತ್ತವೆ.

ಎರಡು ನಿಜಗಳನ್ನು ಒಟ್ಟಿಗೆ ಹೇಳಿದವರಿಗೆ ಒದಗಬಹುದಾದ ಗತಿಗೆ ದೂರ ಹೋಗಬೇಕಾಗಿಲ್ಲ. ಬಂಗಾಳಿ ಲೇಖಕ ಅಭಿಜಿತ್ ರಾಯ್ ನಾಸ್ತಿಕವಾದಿ. ಸಲಿಂಗಪ್ರೇಮವನ್ನು ಕುರಿತು 2010ರಲ್ಲಿ ಬಂಗಾಳಿಯಲ್ಲಿ ಪುಸ್ತಕ ಬರೆದವರು. 2015ರ ಫೆಬ್ರವರಿಯಲ್ಲಿ ಢಾಕಾದ ಪುಸ್ತಕ ಮೇಳದಿಂದ ಹಿಂದಿರುಗುವಾಗ ಅವರನ್ನು ಕಡಿದು ಕೊಂದರು. ಮರುವರ್ಷ ಏಪ್ರಿಲಿನಲ್ಲಿ ಅದೇ ನಗರದಲ್ಲಿ, ಸಲಿಂಗಿಗಳ ಪತ್ರಿಕೆಯೊಂದನ್ನು ನಡೆಸುತ್ತಿದ್ದ ಝುಲ್ಹಾಜ್ ಮನ್ನಾನ್ ಮನೆಯಲ್ಲಿಯೇ ಹತರಾದರು. ನಮ್ಮ ಹಳೆಯ ಜಿಲ್ಲಾಕೇಂದ್ರವಾದ ಕೊಯಮತ್ತೂರಿನಲ್ಲಿ 2017ರ ಮಾರ್ಚಿನಲ್ಲಿ, ಮತ ಬಿಟ್ಟು ನಾಸ್ತಿಕನಾದ ತರುಣನೊಬ್ಬನ ಕೊಲೆಯಾಯಿತು. ನಮ್ಮ ಹುಡುಗನ ಕೊರಳಿಗೆ ಯಾರೂ ಕತ್ತಿ ಹಿಡಿದಿಲ್ಲ. ಸಹಪಂಕ್ತಿಯಲ್ಲಿ ಎಲೆ ಹಾಕುವುದನ್ನು ಬಿಟ್ಟರು, ಅಷ್ಟೆ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯ ದಿನ ಬಿಡಾರದ ಹೊರಗೆ ಒಬ್ಬನೇ ನಿಂತಿದ್ದುದನ್ನು ಅವನು ಹೇಳುವಾಗ ಮಾತ್ರ ಅವನ ಧ್ವನಿ ಒಡೆಯಿತು. ಎಲ್ಲ ಕುಲದವರೂ ಕೂಡಿ ಉಣ್ಣುವುದೇ ಆ ಸೇವೆಯ ಹೆಗ್ಗಳಿಕೆ.

ಇದನ್ನು ಯೋಚಿಸಿದಾಗಲೆಲ್ಲ ಈ ಸೀಮೆಯ ದೈವಗಳ ಚರಿತ್ರೆ ನನ್ನನ್ನು ಕೆಣಕುತ್ತದೆ. ಯಳಂದೂರಿನ ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿ ಸೋಲಿಗರಿಗೆಲ್ಲ ಭಾವನಾದವನು. ಮಂಟೇಸ್ವಾಮಿ ನಿಡಘಟ್ಟದ ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಹೆತ್ತವರ ಕೈಯಿಂದ ಬಿಡಿಸಿ ಸಿದ್ಧಪ್ಪಾಜಿಯನ್ನಾಗಿ ಮಾಡಿದವನು. ಆ ಮಗ ತನ್ನ ಕುಲದವರಿಂದಲೇ ಹಲಗೂರಿನಲ್ಲಿ ಪಟ್ಟ ಪಾಡನ್ನು ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಕುಲ ಮೀರಿದ ದೇವರು, ಮನೆ ಬಿಟ್ಟ ಶರಣ, ಭಾಷೆ ಕೊಡದ ಹೆಣ್ಣು, ಇವರೆಲ್ಲ ನಮಗೆ ಪೂಜ್ಯರು. ಕಥೆಯಿಂದ ಇಳಿದು ಬಂದು ಅಂಗಳದಲ್ಲಿ ನಿಂತರೆ ಗುರುತು ಸಿಗುವುದಿಲ್ಲ. ಒಳಗಿನ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲವೆಂದು ಜೇಡರ ದಾಸಿಮಯ್ಯ ಹೇಳಿದ ವಚನವನ್ನು ಪರೀಕ್ಷೆಗೆ ಕೊಟ್ಟು ಹತ್ತು ಅಂಕಕ್ಕೆ ಬೆಲೆ ಕಟ್ಟುತ್ತೇವೆ.

ಕುವೆಂಪು ಗುಡಿಗಳನ್ನೂ ಇತರ ಪೂಜಾಸ್ಥಾನಗಳನ್ನೂ ತೊರೆದು ಬರುವಂತೆ ಕವಿತೆಯಲ್ಲಿ ಕರೆದರು. 1974ರಲ್ಲಿ ವಿಚಾರಕ್ರಾಂತಿಗೆ ಆಹ್ವಾನವಿತ್ತರು. ಆ ಕರೆಗೆ ಓಗೊಟ್ಟು ಬೆಳೆದ ಪೀಳಿಗೆಯವರ ಶಿಷ್ಯರು ನಾವು. ಹೊರಗೆ ಬಂದ ನಾವು ಸಾಯಂಕಾಲಕ್ಕೆ ಮನೆಗೆ ಮರಳಿದೆವು. ಹೆಂಡತಿ ದೀಪ ಹಚ್ಚಿದ್ದಳು, ತಾಯಿ ತೀರ್ಥ ಕೊಟ್ಟಳು, ಬೇಡವೆಂದೆವು, ಯಾರೂ ಮನೆಯಿಂದ ಹೊರಗೆ ಹಾಕಲಿಲ್ಲ. ಮರಳಲು ಮನೆ ಇಲ್ಲದವನು ಹೊರಗೆ ಬಂದರೆ ಎಲ್ಲಿಗೆ ಹೋಗಬೇಕೆಂಬುದನ್ನು ವಿಚಾರವಾದಿಗಳಾದ ನಾವು ಯೋಚಿಸಿರಲಿಲ್ಲ. ನಮ್ಮ ವಿಚಾರ ಗೋಷ್ಠಿಗಳಲ್ಲಿಯೇ ‘ಸಲಿಂಗಿ’ ಎಂದೊಡನೆ ಮುಸಿಮುಸಿ ನಕ್ಕವರನ್ನು ನಾನು ಕಂಡಿದ್ದೇನೆ. ಹಿಂದೊಮ್ಮೆ ನಕ್ಕವರಲ್ಲಿ ನಾನೂ ಒಬ್ಬ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಅದನ್ನು ಮೆಚ್ಚಿಕೊಂಡು, ತರಗತಿಯಲ್ಲಿ ಅದರ ಹೆಸರೆತ್ತದೆ ಎಷ್ಟೋ ವರ್ಷ ಕಳೆದೆ. ಆ ವರ್ಷಗಳಲ್ಲೊಂದರಲ್ಲಿ ಈ ಹುಡುಗ ಮೂರನೆಯ ಬೆಂಚಿನಲ್ಲಿದ್ದ. ಆ ಪುಸ್ತಕ ಅವನಿಗೆ ದೊರೆತದ್ದು ಬೆಂಗಳೂರಿನ ಫುಟ್‌ಪಾತಿನಲ್ಲಿ.

ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಗಂಡಾದವನಿಗೆ ಬೆಂಗಳೂರಿನ ಬಸ್ಸಾದರೂ ಉಂಟು. ಯಳಂದೂರಿನಲ್ಲಿ ಹುಟ್ಟಿದಳೆನ್ನುವ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಮೂರು ಶತಮಾನಗಳಾದುವು. ಪತಿವ್ರತೆಯ ಧರ್ಮವನ್ನು ಹೇಳುತ್ತಲೇ ಹೆಣ್ಣನ್ನು ಹೀಗಳೆಯುವವರನ್ನು ಆಕೆ ತಿವಿದದ್ದು ನಮಗೆ ಪ್ರಿಯವಾದ ಭಾಗ. ಪತಿಯೇ ಬೇಡವೆನ್ನುವ, ಅದನ್ನು ಹೇಳಲು ದೇವರ ನೆವವನ್ನೂ ಹಿಡಿಯದ ಹೆಣ್ಣಿಗೆ ಆ ಕಾವ್ಯದಲ್ಲಿ ಎಡೆಯಿಲ್ಲ. ಅಕ್ಕಮಹಾದೇವಿಗೆ ಕೂಡ ಚೆನ್ನಮಲ್ಲಿಕಾರ್ಜುನ ಇದ್ದ. ಅಂತಹ ಯಾವ ಹೆಣ್ಣುಮಗಳೂ ನನ್ನ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತು ಮಾತಾಡಿಲ್ಲ. ಬರುವ ಹಾಗೆ ನಾವು ಇಟ್ಟುಕೊಂಡಿಲ್ಲ.

ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ತಂದೆ ಇನ್ನೂ ಮಾತಾಡುವುದಿಲ್ಲ. ತಾನು ಸತ್ತರೆ ಮಣ್ಣು ಯಾವ ವಿಧಿಯಲ್ಲಿ ಎಂದು ಮನೆಯವರು ಜಗಳಾಡಬಾರದೆಂದು ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟಿದ್ದಾನಂತೆ. ಮೂವತ್ತು ತುಂಬದವನ ಬಾಯಲ್ಲಿ ಆ ಮಾತು ಕೇಳಲು ಕಷ್ಟವಾಯಿತು. ತಾಯಿಗೆ ಮೊಣಕಾಲು ನೋವು, ನಡೆದು ಹೋಗಲಾರಳು. ಹೋದ ಶಿವರಾತ್ರಿಗೆ ಅವನೇ ರಜ ಹಾಕಿ ಬಂದು ಆಕೆಯನ್ನು ಬಸ್ಸಿನಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೋದ. ತಾಯಿ ಸಾಲಿನಲ್ಲಿ ನಿಂತಳು. ಅವನು ಹೊರಗೆ ಅಂಗಡಿಯ ಬೆಂಚಿನ ಮೇಲೆ ನಾಲ್ಕು ಗಂಟೆ ಕಾದು ಕುಳಿತ. ಬಂದವಳು ಸೆರಗಿನ ಗಂಟು ಬಿಚ್ಚಿ ಲಾಡು ಮುರಿದು ಅರ್ಧ ಕೊಟ್ಟಳಂತೆ. ಆ ಪ್ರಶ್ನೆಯನ್ನು ಆಕೆ ಮತ್ತೆ ಕೇಳಲಿಲ್ಲ, ಇವನೂ ಉತ್ತರ ಹೇಳಲಿಲ್ಲ.

“ತಿಂದೆಯೇನಪ್ಪ?” ಎಂದೆ.

“ಅವ್ವ ಕೊಟ್ಟಿದ್ದಲ್ವ ಸಾ” ಎಂದು ಚಪ್ಪಲಿ ಮೆಟ್ಟಿಕೊಂಡು ಕಡೆಯ ಬಸ್ಸಿಗೆ ಹೊರಟ.